ಬರುವಾಗಲೂ ಚಾವ್, ಹೋಗುವಾಗಲೂ ಚಾವ್: ಹೈಸ್ಕೂಲಿನ ಇಟಾಲಿಯನ್ ಮೂರನೇ ವರ್ಷಕ್ಕೆ ಯಾಕೆ ನಿಲ್ಲುತ್ತದೆ?

ಇಟಾಲಿಯನ್‌ನಲ್ಲಿ ವಯಸ್ಸು ಹೇಳುವುದು ಹೀಗೆ: 'ಒ ತ್ರೇದಿಚಿ ಅನ್ನಿ'. ನನಗೆ ಹದಿಮೂರು ವರ್ಷ ಅಂತ. ಬಿಡಿಸಿ ನೋಡಿದರೆ 'ನನ್ನ ಹತ್ತಿರ ಹದಿಮೂರು ವರ್ಷ ಇದೆ'. ಈ 'ಅನ್ನಿ' ಕಿವಿಗೆ ನಮ್ಮ 'ಹೌದು ಅನ್ನಿ' ಥರವೇ ಬೀಳುತ್ತದೆ, ನಕಾರಕ್ಕೊಂದು ಒತ್ತು. ಅಮೆರಿಕ, ಆಸ್ಟ್ರೇಲಿಯಾದಂಥ ಕಡೆ ಹೈಸ್ಕೂಲಿನಲ್ಲಿ ಇಟಾಲಿಯನ್ ಕಲಿಯುವ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಮೊದಮೊದಲು ಈ ಒತ್ತು ಕೇಳಿಸುವುದೇ ಇಲ್ಲ. ಒತ್ತು ಬಿಟ್ಟು 'ಆನಿ' ಅಂದುಬಿಡುತ್ತಾರೆ. ಆಗ ಅದು ವರ್ಷಗಳಲ್ಲ, ದೇಹದ ಒಂದು ಭಾಗದ ಬಹುವಚನ, ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ. ಟೀಚರ್ ಕೆಮ್ಮುತ್ತಾರೆ, ಯಾವನೋ ಹುಡುಗ ಡಿಕ್ಷನರಿ ತೆಗೆದು ನೋಡುತ್ತಾನೆ, ಐದು ನಿಮಿಷ ಕ್ಲಾಸು ಕೈಗೆ ಸಿಗುವುದಿಲ್ಲ. ಆಮೇಲೆ ಜನ್ಮದಲ್ಲಿ ಯಾರೂ ಆ ಒತ್ತು ಮರೆಯುವುದಿಲ್ಲ.

ಕತೆಗೂ ಕತ್ತೆಗೂ ಇರುವ ಫರಕು ಗೊತ್ತಿರುವ ನಮಗೆ ಇದರಲ್ಲಿ ಅಂಥ ಕಷ್ಟವೇನೂ ಕಾಣುವುದಿಲ್ಲ ಬಿಡಿ. ಸೇತೆ ಅಂದರೆ ಬಾಯಾರಿಕೆ, ಸೆತ್ತೆ ಅಂದರೆ ಏಳು. ನೋನೊ ಅಂದರೆ ಒಂಬತ್ತನೆಯ, ನೊನ್ನೊ ಅಂದರೆ ಅಜ್ಜ. ಕಪೆಲ್ಲೊ ಕೂದಲು, ಕಪ್ಪೆಲ್ಲೊ ಟೋಪಿ. ಬರೆದದ್ದನ್ನು ಬರೆದ ಹಾಗೇ ಓದುವ ಭಾಷೆ. ವರ್ಣಮಾಲೆಯಲ್ಲಿ ಇರುವುದೇ 21 ಅಕ್ಷರ, ಹೊರಗಿನ ಪದಗಳಿಗೆ ಬೇಕಾದಾಗ ಇನ್ನೈದು ಸೇರಿಸಿಕೊಳ್ಳುತ್ತಾರೆ. ಎಲ್ಲಿ ಚ, ಎಲ್ಲಿ ಕ ಅನ್ನುವ ನಾಲ್ಕೈದು ನಿಯಮ ಕಲಿತುಬಿಟ್ಟರೆ ಎರಡನೇ ವಾರಕ್ಕೆಲ್ಲ ಮಗು ಒಂದು ಪುಟ ಗಟ್ಟಿಯಾಗಿ ಓದುತ್ತದೆ, ಅರ್ಥ ಆಗದಿದ್ದರೂ. ಪಕ್ಕದ ಕೋಣೆಯಲ್ಲಿ ಫ್ರೆಂಚ್ ಕಲಿಯುವವರು ಅಷ್ಟೊತ್ತಿಗೆ ಯಾವ ಅಕ್ಷರ ಉಚ್ಚರಿಸಬೇಕು, ಯಾವುದನ್ನು ನುಂಗಬೇಕು ಅಂತ ತಲೆ ಕೆರೆದುಕೊಳ್ಳುತ್ತಿರುತ್ತಾರೆ.

ಸಮಸ್ಯೆ ಶುರುವಾಗುವುದೇ ಈ ಸುಖದಿಂದ. ಇಟಾಲಿಯನ್ ಅನ್ನು ಶಾಲೆಗಳು 'ಸುಲಭದ ಭಾಷೆ' ಅಂತ ಮಾರುತ್ತವೆ. ಹಾಡು, ಪೀಟ್ಸಾ, ಫುಟ್‌ಬಾಲ್, ಕೈ ಆಡಿಸಿ ಮಾತಾಡುವ ಜನ. ಮೊದಲ ವರ್ಷ ಬೆಂಚು ತುಂಬುತ್ತದೆ. ಎರಡನೇ ವರ್ಷ ಸ್ವಲ್ಪ ಖಾಲಿ. ಮೂರನೇ ವರ್ಷ, ಅಂದರೆ ಭಾಷೆ ನಿಜವಾಗಿ ಕೈಗೆ ಬರಬೇಕಾದ ಹೊತ್ತಿಗೆ, ಉಳಿದವರನ್ನು ಬೆರಳಲ್ಲಿ ಎಣಿಸಬಹುದು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತ ಮಕ್ಕಳನ್ನೇ ದೂರುವುದು ಸುಲಭ. ನನ್ನ ಪ್ರಕಾರ ಇಲ್ಲಿ ಆರಂಭಶೂರರು ಮಕ್ಕಳಲ್ಲ, ವ್ಯವಸ್ಥೆ. ಇಟಾಲಿಯನ್ ಕಲಿಸುವ ದೇಶಗಳು ಹಣವನ್ನೂ ಉತ್ಸಾಹವನ್ನೂ ಮೊದಲ ಮೆಟ್ಟಿಲಿಗೆ ಸುರಿಯುತ್ತವೆ, ನಡುವಿನ ಮೆಟ್ಟಿಲು ಮುರಿದಿದ್ದರೆ ಯಾರೂ ನೋಡುವುದಿಲ್ಲ.

ಮೊದಲು ಗಂಟೆಗಳ ಲೆಕ್ಕ ಹಾಕೋಣ. ಅಮೆರಿಕ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಲು ನಡೆಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಇಟಾಲಿಯನ್ ಅನ್ನು ಇಂಗ್ಲಿಷ್ ಮಾತಾಡುವವರಿಗೆ ಅತಿ ಸುಲಭದ ಗುಂಪಿಗೇ ಸೇರಿಸಿದೆ. ಆ ಸುಲಭದ ಗುಂಪಿಗೂ ಬೇಕಾಗುವುದು ಸುಮಾರು 600ರಿಂದ 750 ಗಂಟೆಗಳ ಪಾಠ. ಅದೂ ಅದನ್ನೇ ಕೆಲಸ ಮಾಡಿಕೊಂಡ, ಸಂಬಳ ತಗೊಂಡು ಕಲಿಯುವ ದೊಡ್ಡವರಿಗೆ. ಈಗ ಶಾಲೆಗೆ ಬನ್ನಿ. ವಾರಕ್ಕೆ 45 ನಿಮಿಷದ ಮೂರು ಪೀರಿಯಡ್ ಅಂದುಕೊಳ್ಳಿ, ವರ್ಷಕ್ಕೆ 36 ವಾರ. ಒಟ್ಟು 81 ಗಂಟೆ. ಪರೀಕ್ಷೆ, ಆಟದ ದಿನ, ಟೀಚರ್ ರಜೆ ಯಾವುದನ್ನೂ ಕಳೆಯದೆ. ಈ ಲೆಕ್ಕದಲ್ಲಿ 600 ಮುಟ್ಟಲು ಏಳು ವರ್ಷ ದಾಟಬೇಕು. ಎರಡು ವರ್ಷಕ್ಕೆ ಬಿಟ್ಟ ಹುಡುಗನ ಕೈಯಲ್ಲಿರುವುದು 162 ಗಂಟೆ, ಅಂದರೆ ಹೆಸರು, ವಯಸ್ಸು, ಮನೆಯವರ ಪರಿಚಯ, ಕಾಫಿ ಕೇಳುವುದು, ದಾರಿ ಕೇಳುವುದು. ದಾರಿ ಕೇಳಿದ ಮೇಲೆ ಎದುರಿನವರು ಹೇಳಿದ್ದು ತಿಳಿಯುತ್ತದೆ ಅನ್ನುವ ಖಾತ್ರಿ ಇಲ್ಲ.

ಮುಗ್ಗರಿಸುವ ಜಾಗ ಎಲ್ಲಿದೆ ಅಂತ ಒಂದೇ ವಾಕ್ಯದಲ್ಲಿ ತೋರಿಸಬಹುದು. 'ನಿನ್ನೆ ಸಾರಾ ಮಾರ್ಕೆಟ್ಟಿಗೆ ಹೋದಳು, ಎರಡು ಮೊಟ್ಟೆ ಕೊಂಡಳು.' ಇದನ್ನು ಇಟಾಲಿಯನ್‌ನಲ್ಲಿ ಹೇಳಬೇಕು. 'ಯೇರಿ ಸಾರಾ ಎ ಅಂದಾತಾ ಅಲ್ ಮೆರ್ಕಾತೊ ಎ ಆ ಕೊಂಪ್ರಾತೊ ದೂಯೆ ವೋವಾ.'

ಒಂದೊಂದಾಗಿ ನೋಡಿ. ಭೂತಕಾಲಕ್ಕೆ ಇಲ್ಲಿ ಒಂದು ಸಹಾಯಕ ಕ್ರಿಯಾಪದ ಬೇಕು. ಹೋಗುವುದು ಬರುವುದಕ್ಕೆಲ್ಲ 'ಇರು' ಅನ್ನುವ ಅರ್ಥದ ಪದ, ಕೊಳ್ಳುವುದು ತಿನ್ನುವುದಕ್ಕೆಲ್ಲ 'ಹೊಂದಿರು' ಅನ್ನುವ ಅರ್ಥದ ಪದ. ಹಾಗಾಗಿ ಹೋದಳು ಅನ್ನುವಾಗ 'ಎ', ಕೊಂಡಳು ಅನ್ನುವಾಗ 'ಆ'. ನಡುವೆ ಬರುವ ಇನ್ನೊಂದು 'ಎ' ಬರೀ 'ಮತ್ತು'. ಮೊದಲನೆಯದರಲ್ಲಿ ಹೋದವಳು ಹುಡುಗಿ ಅಂತ ಕ್ರಿಯಾಪದವೂ ಬದಲಾಗುತ್ತದೆ: ಹುಡುಗ ಹೋಗಿದ್ದರೆ 'ಅಂದಾತೊ', ಹುಡುಗಿ ಆದ್ದರಿಂದ 'ಅಂದಾತಾ'. ಕೊಳ್ಳುವಾಗ ಮಾತ್ರ ಹುಡುಗಿಯಾದರೂ 'ಕೊಂಪ್ರಾತೊ' ಅಂತಲೇ. ಸರಿ, ಮೊಟ್ಟೆಗೆ ಬರೋಣ. ಒಂದು ಮೊಟ್ಟೆ ಇದ್ದರೆ 'ವೋವೊ', ಪುಲ್ಲಿಂಗ. ಎರಡಾದರೆ 'ವೋವಾ', ಸ್ತ್ರೀಲಿಂಗ. ಹೌದು, ಬುಟ್ಟಿಯಲ್ಲಿ ಇನ್ನೊಂದು ಇಟ್ಟ ತಕ್ಷಣ ಮೊಟ್ಟೆಯ ಲಿಂಗವೇ ಬದಲಾಗುತ್ತದೆ! ಕೈಬೆರಳಿಗೂ ತೋಳಿಗೂ ಇದೇ ಕತೆ. ಇಷ್ಟಕ್ಕೇ ಮುಗಿಯಲಿಲ್ಲ. 'ಅವುಗಳನ್ನು ಕೊಂಡಳು' ಅನ್ನಬೇಕಾದರೆ 'ಲೆ ಆ ಕೊಂಪ್ರಾತೆ'. ಈಗ ತಾನೇ ಬದಲಾಗುವುದಿಲ್ಲ ಅಂದ 'ಕೊಂಪ್ರಾತೊ' ಬದಲಾಗಿಬಿಟ್ಟಿತು, ಅದೂ ಕೊಂಡವಳನ್ನು ನೋಡಿಕೊಂಡಲ್ಲ, ಮೊಟ್ಟೆಗಳನ್ನು ನೋಡಿಕೊಂಡು.

ಕ್ರಿಯಾಪದ ನೋಡಿದರೆ ಸಾಕು, ಹೋದದ್ದು ಗಂಡೋ ಹೆಣ್ಣೋ ಅಂತ ತಿಳಿಯುವ ಭಾಷೆ ನಮ್ಮದು. ಹೋದ, ಹೋದಳು. ನಮಗೆ ಇದರ ಅರ್ಧ ಆಶ್ಚರ್ಯವೇ ಆಗುವುದಿಲ್ಲ. ಆದರೆ ಗಂಡಾದರೂ ಹೆಣ್ಣಾದರೂ ಒಂದೇ ರೂಪ ಬಳಸಿ ಬೆಳೆದ ಮಗುವಿಗೆ ಇದು ಗೋಡೆ. ಮೊದಲ ವರ್ಷ ಹಾಡು ಹೇಳಿ ಬಂದವನು ಇಲ್ಲಿ ಬಂದು ನಿಂತು 'ಸುಲಭ ಅಂದಿದ್ರಲ್ವಾ?' ಅಂತ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. 'ದಿ' ಅನ್ನುವ ಒಂದು ಇಂಗ್ಲಿಷ್ ಪದದ ಜಾಗದಲ್ಲಿ ಏಳು ರೂಪ ಇವೆ ಅಂತ ಮೊದಲ ದಿನ ಯಾರೂ ಹೇಳಿರಲಿಲ್ಲ. ಮುಂದೆ ಕೊಂಜುಂತೀವೊ ಅಂತ ಒಂದಿದೆ, 'ಅವನು ಬಂದಿರಬಹುದು ಅನ್ನಿಸುತ್ತದೆ' ಅನ್ನುವಂಥ ಮಾತಿಗೆ ಬೇಕಾದ ಕ್ರಿಯಾರೂಪ, ಅದನ್ನು ಇಟಲಿಯಲ್ಲೇ ಹುಟ್ಟಿದವರೂ ಎಡವುತ್ತಾರೆ, ಎಡವಿದ ರಾಜಕಾರಣಿಗಳನ್ನು ಅಲ್ಲಿನ ಜನ ಗೇಲಿ ಮಾಡುತ್ತಾರೆ.

ಇದೆಲ್ಲ ಭಾಷೆಯ ಕಡೆಯ ಕಷ್ಟ. ಜರ್ಮನ್, ರಷ್ಯನ್‌ನಲ್ಲಿ ಇದಕ್ಕಿಂತ ಜಾಸ್ತಿ ಇದೆ. ಅಲ್ಲಿ ಗೋಡೆ ಮೊದಲ ವಾರವೇ ಕಾಣುತ್ತದೆ, ಹತ್ತಲು ಮನಸ್ಸಿದ್ದವರೇ ಸೇರುತ್ತಾರೆ. ಇಟಾಲಿಯನ್‌ನ ಗೋಡೆ ಕಾಣುವುದು ಹದಿನೈದು ಹದಿನಾರರ ವಯಸ್ಸಿನಲ್ಲಿ. ಸರಿಯಾಗಿ ಅದೇ ಹೊತ್ತಿಗೆ ಮಕ್ಕಳು ಕೊನೆಯ ಪರೀಕ್ಷೆಗೆ ಯಾವ ವಿಷಯ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸುತ್ತಿರುತ್ತಾರೆ. ಗಣಿತ, ವಿಜ್ಞಾನ ಬಿಡುವ ಹಾಗಿಲ್ಲ. ಬಿಡಬಹುದಾದದ್ದು ಇದೊಂದೇ.

ಹಾಗೆ ಐದಾರು ಜನ ಬಿಟ್ಟರು ಅಂತಿಟ್ಟುಕೊಳ್ಳಿ. ಇಷ್ಟು ಕಮ್ಮಿ ಜನಕ್ಕೆ ಒಬ್ಬ ಟೀಚರ್ ಯಾಕೆ ಅಂತ ಆಡಳಿತದವರು ಎರಡು ವರ್ಷದ ಮಕ್ಕಳನ್ನು ಒಂದೇ ಕೋಣೆಗೆ ಕೂಡಿಸುತ್ತಾರೆ. ಬೋರ್ಡಿನ ಎಡಗಡೆ ಭೂತಕಾಲ, ಬಲಗಡೆ ಕೊಂಜುಂತೀವೊ. ಒಂದು ಗುಂಪಿಗೆ ಪಾಠ ನಡೆಯುವಾಗ ಇನ್ನೊಂದು ಗುಂಪು ವರ್ಕ್‌ಶೀಟ್ ತುಂಬುತ್ತಿರುತ್ತದೆ, ಅಂದರೆ 81 ಗಂಟೆ 40ಕ್ಕೆ ಇಳಿಯಿತು. ಮಾರನೇ ವರ್ಷ ಇನ್ನಿಬ್ಬರು ಬಿಡುತ್ತಾರೆ. ಎಷ್ಟೋ ಶಾಲೆಯಲ್ಲಿ ಇಟಾಲಿಯನ್‌ಗೆ ಇರುವುದು ಒಬ್ಬರೇ ಟೀಚರ್. ಅವರು ನಿವೃತ್ತರಾದ ದಿನ ವಿಷಯವೂ ನಿವೃತ್ತಿ. ಯಾರೂ 'ಇಟಾಲಿಯನ್ ಮುಚ್ಚಿ' ಅಂತ ಆದೇಶ ಹೊರಡಿಸುವುದಿಲ್ಲ, ಟೈಮ್‌ಟೇಬಲ್ಲಿನಿಂದ ಸುಮ್ನೆ ಮಾಯವಾಗುತ್ತದೆ.

ಆದೇಶ ಹೊರಟ ಉದಾಹರಣೆಯೂ ಇದೆ. ಅಮೆರಿಕದಲ್ಲಿ ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಮಟ್ಟದ ಪರೀಕ್ಷೆ ಬರೆಯುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಅಂತ ಒಂದು ವ್ಯವಸ್ಥೆ, ಚಿಕ್ಕದಾಗಿ ಎಪಿ. ನಡೆಸುವುದು ಕಾಲೇಜ್ ಬೋರ್ಡ್. ಅದರಲ್ಲಿ ಇಟಾಲಿಯನ್ ಪರೀಕ್ಷೆ ಮೊದಲು ನಡೆದದ್ದು 2006ರಲ್ಲಿ. ಬರೆಯುವವರು ಸಾಲದು ಅಂತ 2009ರ ಪರೀಕ್ಷೆಯ ನಂತರ ನಿಲ್ಲಿಸಿಬಿಟ್ಟರು. ಇಟಾಲಿಯನ್ ಮೂಲದ ಅಮೆರಿಕನ್ನರು ಗಲಾಟೆ ಮಾಡಿದರು. ನ್ಯೂಯಾರ್ಕಿನ ಮಾಜಿ ಗವರ್ನರ್ ಮಾರಿಯೊ ಕ್ವೋಮೊ ಅವರ ಪತ್ನಿ ಮಟಿಲ್ಡಾ ಕ್ವೋಮೊ ಮುಂದೆ ನಿಂತು ದುಡಿದರು, ಇಟಲಿ ಸರ್ಕಾರವೂ ಕೈಹಾಕಿತು, ಹಣ ಕೂಡಿತು, 2011-12ರ ಶಾಲಾ ವರ್ಷಕ್ಕೆ ಪರೀಕ್ಷೆ ಮರಳಿ ಬಂತು. ಅದೇ ಸಲ ನಿಲ್ಲಿಸಿದ ಫ್ರೆಂಚ್ ಸಾಹಿತ್ಯ, ಲ್ಯಾಟಿನ್ ಸಾಹಿತ್ಯದ ಪರೀಕ್ಷೆಗಳಿಗೆ ಆ ಭಾಗ್ಯ ಬರಲಿಲ್ಲ.

ಇದನ್ನು ಗೆಲುವಿನ ಕತೆಯಾಗಿ ಹೇಳುವುದೇ ರೂಢಿ. ನನಗೆ ಇದರಲ್ಲಿ ಬೇರೆಯದೇ ಕಾಣುತ್ತದೆ. ಪರೀಕ್ಷೆ ಎಂದರೆ ಏಣಿಯ ತುದಿ. ತುದಿಯನ್ನು ಹಣ ಕೊಟ್ಟು ಮತ್ತೆ ಕಟ್ಟಿದರು, ಒಳ್ಳೆಯದೇ. ಆದರೆ ಆ ಪರೀಕ್ಷೆಗೆ ಕೂರಲು ನಾಲ್ಕು ವರ್ಷದ ಇಟಾಲಿಯನ್ ಸತತವಾಗಿ ಸಿಗುವ ಶಾಲೆಗಳು ಎಷ್ಟಿವೆ? ತುದಿ ಇದ್ದೂ ಹತ್ತುವವರಿಲ್ಲ ಅನ್ನುವುದೇ 2009ರ ಕಾಯಿಲೆಯಾಗಿತ್ತು. ತುದಿ ತೆಗೆದುಬಿಟ್ಟರೆ ಹತ್ತುವವರು ಇನ್ನೂ ಕಮ್ಮಿಯಾಗುತ್ತಾರೆ ಅನ್ನುವುದೂ ನಿಜ. ಎರಡೂ ಒಟ್ಟಿಗೇ ನಿಜವಾಗಿರುವುದರಿಂದಲೇ ಈ ಚರ್ಚೆ ಹತ್ತು ಹದಿನೈದು ವರ್ಷ ಆದರೂ ಮುಗಿದಿಲ್ಲ.

ಆಸ್ಟ್ರೇಲಿಯಾದಲ್ಲಿ ಚಿತ್ರ ಇನ್ನೂ ಸ್ಪಷ್ಟ. ಎರಡನೇ ಮಹಾಯುದ್ಧದ ನಂತರ ಹಡಗು ಹಡಗಾಗಿ ಇಟಾಲಿಯನ್ನರು ಹೋಗಿ ನೆಲೆಸಿದ ದೇಶ. ಅದರಲ್ಲೂ ವಿಕ್ಟೋರಿಯಾ ರಾಜ್ಯದಲ್ಲಿ ಪ್ರಾಥಮಿಕ ಶಾಲೆಯಿಂದಲೇ ಇಟಾಲಿಯನ್ ಇದೆ, ಅತಿ ಹೆಚ್ಚು ಮಕ್ಕಳು ಕಲಿಯುವ ಭಾಷೆಗಳಲ್ಲಿ ಒಂದು. ಕೊನೆಯ ಪರೀಕ್ಷೆಯಲ್ಲಿ ಭಾಷೆ ತಗೊಂಡವರ ಅಂಕವನ್ನು ಸ್ವಲ್ಪ ಮೇಲಕ್ಕೆ ಎತ್ತುವ ಪದ್ಧತಿಯೂ ಇದೆ, ಸಿಹಿ ತೋರಿಸಿ ಕರೆದ ಹಾಗೆ. ಆದರೂ ಕೆಳಗಿನ ತರಗತಿಯಲ್ಲಿ ಕಂಡ ಜನಸಾಗರ ಹನ್ನೆರಡನೇ ತರಗತಿಯಲ್ಲಿ ಕಾಣುವುದಿಲ್ಲ. ಇದಕ್ಕೆ ಒಂದು ಕಾರಣ ಹೈಸ್ಕೂಲಿಗೆ ಸೇರಿದ ದಿನ ನಡೆಯುವ ಅನ್ಯಾಯ. ಆರು ವರ್ಷ ಇಟಾಲಿಯನ್ ಕಲಿತು ಬಂದವಳನ್ನೂ ಒಂದು ಪದ ಗೊತ್ತಿಲ್ಲದವನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ, ಮತ್ತೆ ಬಣ್ಣಗಳ ಹೆಸರು, ಮತ್ತೆ ಒಂದರಿಂದ ಹತ್ತು. ರೊಸ್ಸೊ, ವೆರ್ದೆ, ಬ್ಲು. ಬಲ್ಲವಳಿಗೆ ಬೇಜಾರು, ಬಾರದವನಿಗೆ ಅವಮಾನ. ಇಬ್ಬರೂ ಬಿಡುತ್ತಾರೆ.

ಇನ್ನು ಅಜ್ಜಿಯ ವಿಷಯ. ಹೊರದೇಶದ ಇಟಾಲಿಯನ್ ತರಗತಿಗಳಲ್ಲಿ ಯಾವಾಗಲೂ ನಾಲ್ಕೈದು ಮಕ್ಕಳು 'ನಮ್ಮಜ್ಜಿ ಇಟಾಲಿಯನ್' ಅನ್ನುವವರು. ಇವರಿಗೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅಜ್ಜಿ ಮಾತಾಡುತ್ತಿದ್ದದ್ದು ಇಟಾಲಿಯನ್ನೇ ಆಗಿರಬೇಕು ಅಂತೇನಿಲ್ಲ. 1861ರಲ್ಲಿ ಇಟಲಿ ಒಂದು ದೇಶವಾದಾಗ ಇಟಾಲಿಯನ್ ಬಲ್ಲವರು ನೂರಕ್ಕೆ ಮೂರು ಜನವೂ ಇರಲಿಲ್ಲ ಅಂತ ಭಾಷಾಶಾಸ್ತ್ರಜ್ಞ ತುಲ್ಲಿಯೊ ದೆ ಮೌರೊ ಲೆಕ್ಕ ಹಾಕಿದ್ದರು, ಹತ್ತರ ಹತ್ತಿರ ಇತ್ತು ಅಂತ ವಾದಿಸಿದವರೂ ಇದ್ದಾರೆ. ಉಳಿದವರ ಮಾತು ಸಿಸಿಲಿಯನ್, ವೆನೆಟೊ, ನಾಪೊಲಿಯ ಮಾತು, ಹೀಗೆ ಊರಿಗೊಂದು. ಯುದ್ಧದ ನಂತರ ವಲಸೆ ಹೋದ ಬಡವರು ಹೊತ್ತೊಯ್ದದ್ದೂ ಆ ಮಾತುಗಳನ್ನೇ. ಸಿಸಿಲಿಯ ಅಜ್ಜಿ ಮೊಮ್ಮಗನನ್ನು 'ಪಿಚ್ಚಿರಿದ್ದು' ಅಂತ ಕರೆದಿರುತ್ತಾಳೆ, ಪುಸ್ತಕದಲ್ಲಿ 'ಬಂಬೀನೊ' ಅಂತ ಇರುತ್ತದೆ. ಮನೆಯಲ್ಲಿ ಕೇಳಿದ್ದನ್ನು ಕ್ಲಾಸಿನಲ್ಲಿ ಹೇಳಿದರೆ ಕೆಂಪು ಗೆರೆ. 'ನಿಮ್ಮಜ್ಜಿ ತಪ್ಪು ಮಾತಾಡುತ್ತಾಳೆ' ಅಂತ ಹೇಳಿಸಿಕೊಂಡ ಮಗು ಮತ್ತೆ ಬಾಯಿ ಬಿಡುವುದು ಕಷ್ಟ. ಚುರುಕಾದ ಟೀಚರ್ ಆದರೆ ಬೋರ್ಡಿನ ಮೇಲೆ ಎರಡನ್ನೂ ಬರೆದು, ಇದು ಅಜ್ಜಿಯ ಊರಿನದ್ದು, ಇದು ಇಡೀ ದೇಶದ್ದು ಅನ್ನುತ್ತಾರೆ. ಕಲ್ಲಂಗಡಿಗೆ ಉತ್ತರದಲ್ಲಿ 'ಅಂಗೂರಿಯಾ', ನಡುನಾಡಿನಲ್ಲಿ 'ಕೊಕೊಮೆರೊ' ಅಂತ ಇಂದಿಗೂ ಅನ್ನುವ ದೇಶ ಅದು. ಅಲ್ಲಿಯವರಿಗೇ ಇಲ್ಲದ ಮಡಿ ಹೊರಗಿನ ತರಗತಿಗೆ ಯಾಕೆ ಬೇಕು?

ಈ ಅಜ್ಜಿಯ ಎಳೆ ಈಗ ಇನ್ನೊಂದು ಕಡೆಯಿಂದಲೂ ಸಡಿಲವಾಗಿದೆ. ಇಟಾಲಿಯನ್ ಪೂರ್ವಜರಿದ್ದರೆ ಎಷ್ಟು ತಲೆಮಾರು ಹಿಂದಿನವರಾದರೂ ಸರಿ, ಷರತ್ತುಗಳು ಕೂಡಿಬಂದರೆ ಪೌರತ್ವ ಕೇಳಬಹುದಿತ್ತು. 2025ರ ಮಾರ್ಚ್‌ನಲ್ಲಿ ಇಟಲಿ ಸರ್ಕಾರ ಸುಗ್ರೀವಾಜ್ಞೆ ತಂದು ಅದನ್ನು ಹೆಚ್ಚುಕಮ್ಮಿ ಅಪ್ಪ-ಅಮ್ಮ, ಅಜ್ಜ-ಅಜ್ಜಿಯ ತನಕಕ್ಕೆ ಕಟ್ಟಿಹಾಕಿತು, ಮೇ ತಿಂಗಳಲ್ಲಿ ಅದು ಕಾನೂನೂ ಆಯಿತು. ವಿಚಿತ್ರ ನೋಡಿ, ರಕ್ತಸಂಬಂಧದ ಪೌರತ್ವಕ್ಕೆ ಭಾಷೆ ಬರಬೇಕು ಅನ್ನುವ ಷರತ್ತೇ ಇರಲಿಲ್ಲ. ಮದುವೆಯಾಗಿ ಅಥವಾ ಅಲ್ಲೇ ವರ್ಷಗಟ್ಟಲೆ ಬದುಕಿ ಅರ್ಜಿ ಹಾಕಿದವರಿಗೆ ಮಾತ್ರ 2018ರಿಂದ ಬಿ1 ಮಟ್ಟದ, ಅಂದರೆ ದಿನನಿತ್ಯದ ವ್ಯವಹಾರ ನಡೆಸುವಷ್ಟು, ಇಟಾಲಿಯನ್ ಬೇಕೇ ಬೇಕು. ಅಂದರೆ ಮೊಮ್ಮಕ್ಕಳನ್ನು ಭಾಷೆಯತ್ತ ಎಳೆಯುವ ಒಂದು ಗಟ್ಟಿ ಹಗ್ಗ ಇಟಲಿಯ ಕೈಯಲ್ಲೇ ಇತ್ತು, ಅದನ್ನು ಎಳೆದೇ ಇರಲಿಲ್ಲ. ಈಗ ಮರಿಮಕ್ಕಳ ಪಾಲಿಗೆ ಪಾಸ್‌ಪೋರ್ಟ್ ಆಸೆಯೂ ಇಲ್ಲದಿದ್ದರೆ ಸಂಜೆ ಫುಟ್‌ಬಾಲ್ ಬಿಟ್ಟು ಇಟಾಲಿಯನ್ ಕ್ಲಾಸಿಗೆ ಯಾಕೆ ಹೋಗಬೇಕು ಅನ್ನುವುದಕ್ಕೆ ಹೊಸ ಉತ್ತರ ಹುಡುಕಬೇಕು.

ಹಾಗಾದರೆ ಇಟಾಲಿಯನ್ ಎಲ್ಲಿ ಚೆನ್ನಾಗಿ ಕಲಿತಿದ್ದಾರೆ? ಮಾಲ್ಟಾ ನೋಡಿ. ಸಿಸಿಲಿಯಿಂದ ಸುಮಾರು 90 ಕಿಲೋಮೀಟರ್ ದೂರದ ಪುಟ್ಟ ದ್ವೀಪ. 1934ರವರೆಗೆ ಇಟಾಲಿಯನ್ ಅಲ್ಲಿ ಅಧಿಕೃತ ಭಾಷೆಯಾಗಿತ್ತು, ಬ್ರಿಟಿಷರ ಕಾಲದಲ್ಲಿ ತೆಗೆದುಹಾಕಿದರು. ಹೋಯಿತು ಅನ್ನುವಷ್ಟರಲ್ಲಿ ಟಿವಿ ಬಂತು. ಮನೆಯ ಮೇಲಿನ ಆಂಟೆನಾಗೆ ಇಟಲಿಯ ಚಾನೆಲ್‌ಗಳು ಪುಕ್ಕಟೆ ಸಿಗುತ್ತಿದ್ದವು. ಒಂದಿಡೀ ಪೀಳಿಗೆ ಕಾರ್ಟೂನು, ಹಾಡು, ಫುಟ್‌ಬಾಲ್ ನೋಡುತ್ತಲೇ ಇಟಾಲಿಯನ್ ಕಲಿಯಿತು. ಹೈಸ್ಕೂಲಿಗೆ ಬಂದು ಇಟಾಲಿಯನ್ ಆರಿಸಿಕೊಂಡ ಮಗುವಿನ ಕಿವಿಯಲ್ಲಿ ಆಗಲೇ ಸಾವಿರಾರು ಗಂಟೆ ತುಂಬಿತ್ತು. ಶಾಲೆ ಮಾಡಬೇಕಾದದ್ದು ಆ ಮಾತಿಗೆ ವ್ಯಾಕರಣದ ಗೆರೆ ಎಳೆಯುವುದಷ್ಟೇ. ಆಲ್ಬೇನಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ ಇದ್ದಾಗ ಜನ ಕದ್ದು ಮುಚ್ಚಿ ಇಟಲಿಯ ಟಿವಿ ನೋಡಿ ಕಲಿತರು, ಅಲ್ಲಂತೂ ಟೀಚರೇ ಬೇಕಾಗಿರಲಿಲ್ಲ. ಕೇಬಲ್ಲು, ಇಂಟರ್‌ನೆಟ್ಟು ಬಂದು ಇಂಗ್ಲಿಷ್ ಕಾರ್ಯಕ್ರಮಗಳು ಮನೆ ತುಂಬಿದ ಮೇಲೆ ಮಾಲ್ಟಾದ ಮಕ್ಕಳಿಗೂ ಆ ಹಿಡಿತ ಸಡಿಲವಾಗಿದೆ. ಮುಂಚೆ ಟಿವಿ ಮಾಡುತ್ತಿದ್ದ ಕೆಲಸವೂ ಈಗ ಟೀಚರ್ ತಲೆಗೆ ಬಿದ್ದಿದೆ, ಪೀರಿಯಡ್ ಮಾತ್ರ ಜಾಸ್ತಿಯಾಗಿಲ್ಲ.

ಫ್ರಾನ್ಸ್ ಮತ್ತು ಇಟಲಿ ಸೇರಿ ಮಾಡಿಕೊಂಡ ವ್ಯವಸ್ಥೆ ಇನ್ನೊಂದು ರೀತಿಯದ್ದು. ಎಸಾಬಾಕ್ ಅಂತ ಹೆಸರು, 2009ರಲ್ಲಿ ಒಪ್ಪಂದ, 2011ರಲ್ಲಿ ಮೊದಲ ಪರೀಕ್ಷೆ. ಹೈಸ್ಕೂಲಿನ ಕೊನೆಯ ಮೂರು ವರ್ಷ ಮಕ್ಕಳು ಇನ್ನೊಂದು ದೇಶದ ಭಾಷೆ ಸಾಹಿತ್ಯದ ಜೊತೆಗೆ ಇತಿಹಾಸವನ್ನೂ ಆ ಭಾಷೆಯಲ್ಲೇ ಓದುತ್ತಾರೆ. ಮುಗಿಸಿದರೆ ಎರಡೂ ದೇಶದ ಶಾಲಾ ಪ್ರಮಾಣಪತ್ರ. ನನಗೆ ಇದರಲ್ಲಿ ಹಿಡಿಸಿದ್ದು ಇತಿಹಾಸದ ಪಾಠ. ಫ್ರೆಂಚ್ ಹುಡುಗಿಯೊಬ್ಬಳು ಮುಸೊಲಿನಿಯ ಬಗ್ಗೆ ಇಟಾಲಿಯನ್‌ನಲ್ಲಿ ಎರಡು ಪುಟ ಬರೆಯಬೇಕಾದಾಗ ಭೂತಕಾಲದ ಕ್ರಿಯಾಪದಗಳನ್ನು ಬಳಸದೆ ಬೇರೆ ದಾರಿಯೇ ಇಲ್ಲ. ಸಾರಾ ಮತ್ತು ಅವಳ ಎರಡು ಮೊಟ್ಟೆಯ ಹಿಂದೆ ಯಾವ ಹದಿನಾರರ ಹುಡುಗನೂ ಓಡುವುದಿಲ್ಲ, ಆದರೆ ಹೇಳಬೇಕಾದ ವಿಷಯ ಸಿಕ್ಕರೆ ಅದೇ ವ್ಯಾಕರಣವನ್ನು ಅವನೇ ಬಂದು ಕೇಳುತ್ತಾನೆ. ಈ ವ್ಯವಸ್ಥೆಯ ಹಣ, ಶ್ರಮ ಬೀಳುವುದು ಕೊನೆಯ ಮೂರು ವರ್ಷದ ಮೇಲೆ ಅನ್ನುವುದನ್ನೂ ಗಮನಿಸಿ.

ಫೋನಿನಲ್ಲೇ ಅನುವಾದ ಆಗುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ತರಗತಿಯಲ್ಲಿ ಆ ಪ್ರಶ್ನೆ ಇನ್ನೂ ತರಲೆಯ ರೂಪದಲ್ಲಿ ಬರುತ್ತದೆ. 'ನನ್ನ ರಜೆ' ಅಂತ ನೂರು ಪದ ಬರೆದುಕೊಂಡು ಬಾ ಅಂದರೆ, ನಿನ್ನೆ ತನಕ 'ನಾನು ಹೋದೆ' ಅನ್ನಲು ತಡವರಿಸುತ್ತಿದ್ದವನು ಪಾಸ್ಸಾತೊ ರೆಮೋತೊದಲ್ಲಿ, ಅಂದರೆ ಕಾದಂಬರಿ, ಇತಿಹಾಸದ ಪುಸ್ತಕಗಳಲ್ಲಿ ಬರುವ ಭೂತಕಾಲದಲ್ಲಿ, ಒಂದು ಒತ್ತೂ ತಪ್ಪದೆ ಸಮುದ್ರದ ವರ್ಣನೆ ತಂದುಕೊಡುತ್ತಾನೆ. ಬೈದು ಪ್ರಯೋಜನವಿಲ್ಲ. ಮನೆಯಿಂದ ಬರೆದು ತರುವ ಪ್ರಬಂಧದ ಕಾಲ ಮುಗಿಯಿತು ಅಂತಲೇ ಇಟ್ಟುಕೊಳ್ಳಬೇಕು. 'ಈ ಕ್ರಿಯಾಪದ ಯಾಕೆ ಹೀಗಿದೆ, ಅದರ ಬದಲು ನೀನು ಮಾತಾಡುವಾಗ ಏನನ್ನುತ್ತೀಯ?' ಅಂತ ಅವನ ಎದುರು ಕೂತು ಎರಡು ನಿಮಿಷ ಕೇಳಿದರೆ ಅದೇ ಪ್ರಬಂಧ ಒಳ್ಳೆಯ ಪಾಠವಾಗುತ್ತದೆ. ಆದರೆ ಎದುರು ಕೂರಲು ಸಮಯ ಬೇಕು. ಎರಡು ವರ್ಷದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಂಡವರಿಗೆ ಆ ಎರಡು ನಿಮಿಷ ಎಲ್ಲಿಂದ ಬರಬೇಕು?

ಮಾಡಬಹುದಾದದ್ದು ಇಲ್ಲವೆಂದಲ್ಲ. ಇಟಲಿಯ ವಿದೇಶಾಂಗ ಸಚಿವಾಲಯ ಹೊರದೇಶಗಳಲ್ಲಿ ಇಟಾಲಿಯನ್ ಕಲಿಸಲು ದಶಕಗಳಿಂದ ಹಣ ಕೊಡುತ್ತಾ ಬಂದಿದೆ, 1971ರಲ್ಲೇ ಅದಕ್ಕೊಂದು ಕಾನೂನು ಆಗಿತ್ತು. ಆ ಹಣದ ಒಂದು ಪಾಲನ್ನು ಹೊಸ ಶಾಲೆ ಸೇರಿಸುವುದರ ಬದಲು ಇರುವ ಶಾಲೆಯ ಮೂರನೇ ವರ್ಷ ಉಳಿಸುವುದಕ್ಕೆ ಅಂತ ಎತ್ತಿಡಬಹುದು. ನಾಲ್ಕು ಶಾಲೆಗಳ ಐದೈದು ಮಕ್ಕಳನ್ನು ಆನ್‌ಲೈನಿನಲ್ಲಿ ಕೂಡಿಸಿದರೆ ಇಪ್ಪತ್ತು ಜನರ ತರಗತಿ ಆಗುತ್ತದೆ, ಎಡ ಬೋರ್ಡು ಬಲ ಬೋರ್ಡು ತಪ್ಪುತ್ತದೆ. ಸಿಯೆನಾ ಮತ್ತು ಪೆರೂಜಾದ ವಿಶ್ವವಿದ್ಯಾಲಯಗಳು ಹದಿಹರೆಯದವರಿಗೆಂದೇ ಪ್ರಮಾಣಪತ್ರದ ಪರೀಕ್ಷೆ ನಡೆಸುತ್ತವೆ. ಶಾಲೆಯ ಕೊನೆಯ ಪರೀಕ್ಷೆ ತನಕ ಹೋಗಲಾಗದ ಮಗುವಿಗೆ ನಡುವೆ ಕೈಗೊಂದು ಕಾಗದ ಸಿಕ್ಕರೂ ಕಲಿತ ಗಂಟೆಗಳಿಗೆ ಬೆಲೆ ಬರುತ್ತದೆ. ಭೂತಕಾಲವನ್ನು ಎರಡನೇ ವರ್ಷದ ಕೊನೆಗೆ ತಳ್ಳದೆ ಮೊದಲ ವರ್ಷವೇ 'ನಿನ್ನೆ ಏನಾಯಿತು ಗೊತ್ತಾ' ಅಂತ ಸಣ್ಣ ಕತೆಗಳಲ್ಲಿ ಕಿವಿಗೆ ಹಾಕಿಬಿಟ್ಟರೆ ಗೋಡೆ ಅಷ್ಟು ಎತ್ತರ ಕಾಣುವುದಿಲ್ಲ. ಇದಕ್ಕೆ ದುಡ್ಡೂ ಬೇಡ.

ಮಗುವನ್ನು ಇಟಾಲಿಯನ್‌ಗೆ ಸೇರಿಸಬೇಕೆಂದಿರುವ ಅಪ್ಪ ಅಮ್ಮ ಶಾಲೆಗೆ ಹೋದಾಗ ಗೋಡೆಯ ಮೇಲಿನ ಕೊಲೋಸಿಯಂ ಚಿತ್ರ, ಹಾಡಿನ ವಿಡಿಯೊ ಎಲ್ಲ ತೋರಿಸುತ್ತಾರೆ. ನೋಡಿ, ಚೆನ್ನಾಗಿಯೇ ಇರುತ್ತದೆ. ಆಮೇಲೆ ಮೂರನೇ ವರ್ಷದ ಟೈಮ್‌ಟೇಬಲ್ ತೋರಿಸಿ ಅನ್ನಿ.